ಅಕೌಂಟಬಿಲಿಟಿಗೆ ಫಿನ್ನಿಷ್‌ನಲ್ಲಿ ಏನಂತಾರೆ? ಇಂಗ್ಲಿಷ್ ಸರ್ಕಾರಿ ಮಾತನ್ನು ಫಿನ್ನಿಷ್‌ಗೆ ತರುವ ಪಾಡು

ಬೆಣ್ಣೆದೋಸೆ_ಎಸ್ಪೂ
ಎಲ್ಲರಿಗೂ ನಮಸ್ಕಾರ. ಫಿನ್‌ಲೆಂಡಿಗೆ ಬಂದು ಏಳು ವರ್ಷ ಆಯ್ತು. ಯುಕಿ ಅನ್ನುವ ಭಾಷಾ ಪರೀಕ್ಷೆ ಪಾಸಾಗಿದೆ. ಅಂಗಡಿ, ಡಾಕ್ಟರು, ಮಗಳ ಶಾಲೆ, ಎಲ್ಲಾ ಕಡೆ ನನ್ನ ಫಿನ್ನಿಷ್ ನಡೆಯುತ್ತದೆ. ಈಗಿನ ತಲೆನೋವು ಬೇರೆ.

ನಾನು ಕೆಲಸ ಮಾಡುವ ಜಾಗದಲ್ಲಿ ಯುರೋಪಿಯನ್ ಒಕ್ಕೂಟದ ದುಡ್ಡಿನಿಂದ ಒಂದು ಪ್ರಾಜೆಕ್ಟ್ ನಡೆಯುತ್ತಿದೆ. ವರದಿ ಎಲ್ಲಾ ಇಂಗ್ಲಿಷ್‌ನಲ್ಲಿ. ಸಾರಾಂಶ ಮಾತ್ರ ಫಿನ್ನಿಷ್‌ನಲ್ಲಿ ಬರೆದು ನಗರಾಡಳಿತಕ್ಕೆ ಕೊಡಬೇಕು. ಅದನ್ನು ಮಾಡುತ್ತಿದ್ದವರು ಹೆರಿಗೆ ರಜೆಯಲ್ಲಿದ್ದಾರೆ. "ನಿನ್ನ ಫಿನ್ನಿಷ್ ಎಷ್ಟು ಚೆನ್ನಾಗಿದೆ" ಅಂತ ಹೊಗಳಿ ನನ್ನ ತಲೆಗೆ ಕಟ್ಟಿದರು. ನಾನು ಕರಡು ಬರೆಯುವುದು, ಫಿನ್ನಿಷ್ ಸಹೋದ್ಯೋಗಿ ತಿದ್ದುವುದು.

ನಿನ್ನೆ ಎರಡು ಪುಟ ವಾಪಸ್ ಬಂತು. ಹೋಳಿ ಆಡಿದ ಹಾಗೆ ಕೆಂಪು. ಕೆಳಗೆ ಒಂದು ಸಾಲು: ಪದಗಳೆಲ್ಲ ಫಿನ್ನಿಷ್, ವಾಕ್ಯಗಳೆಲ್ಲ ಇಂಗ್ಲಿಷ್.

ಸಿಕ್ಕಿಹಾಕಿಕೊಂಡ ಪದಗಳು ಅಕೌಂಟಬಿಲಿಟಿ, ಗವರ್ನೆನ್ಸ್, ಪಾಲಿಸಿ, ಸ್ಟೇಕ್‌ಹೋಲ್ಡರ್. ಆಮೇಲೆ ಕಡ್ಡಾಯ ಅಂತ ಹೇಳುವ ಈ ‘ಶಲ್’ ಬೇರೆ. ಡಿಕ್ಷನರಿಯಲ್ಲಿ ಒಂದೊಂದಕ್ಕೂ ನಾಲ್ಕು ಪದ ಇವೆ. ಯಾವುದನ್ನು ಹಾಕಿದರೂ ಅವಳು "ಹೀಗೆ ಯಾರೂ ಹೇಳುವುದಿಲ್ಲ" ಅಂತಾಳೆ. ಗೊತ್ತಿದ್ದವರು ದಾರಿ ತೋರಿಸಿ. (ಫಿನ್ನಿಷನ್ನು ನಮ್ಮ ಲಿಪಿಯಲ್ಲಿ ಬರೆದರೆ ಉಚ್ಚಾರ ಹೆಚ್ಚುಕಮ್ಮಿ ಆಗುತ್ತೆ, ಹೊಟ್ಟೆಗೆ ಹಾಕಿಕೊಳ್ಳಿ.)

ಕಡ್ಡಿಪುಡಿ
ಮೆಷಿನ್‌ಗೆ ಹಾಕಿ, ಕಾಪಿ ಮಾಡಿ, ಕಾಫಿ ಕುಡೀರಿ.

ಬೆಣ್ಣೆದೋಸೆ_ಎಸ್ಪೂ
ಹಾಕಿದ್ದೆ. ಹೋಳಿ ಆಗಿದ್ದೇ ಅದರಿಂದ.

ಟಾಂಪೆರೆ_ಮಾವ
ತಂಗೀ, ನಾನು ಇಲ್ಲಿ 20 ವರ್ಷ ದಾಟಿದವನು, ಇದೇ ಗುಂಡಿಯಲ್ಲಿ ಬಿದ್ದೆದ್ದಿದ್ದೇನೆ. ಒಂದೊಂದಾಗಿ ನೋಡೋಣ.

ಅಕೌಂಟಬಿಲಿಟಿ. ಹೊಣೆಗೆ ಫಿನ್ನಿಷ್‌ನಲ್ಲಿ ‘ವಸ್ತೂ’. ವಾಸ್ತು ಅಲ್ಲ, ಬಾಗಿಲು ಯಾವ ದಿಕ್ಕಿಗೆ ಬೇಕಾದರೂ ಇರಲಿ. ‘ವಸ್ತತ’ ಅಂದರೆ ಉತ್ತರ ಕೊಡು. ಅದೇ ಕ್ರಿಯಾಪದಕ್ಕೆ ಹೊಣೆ ಹೊರು ಅಂತಲೂ ಅರ್ಥ. ನಮ್ಮ ಸರ್ಕಾರಿ ಕನ್ನಡದ ‘ಉತ್ತರದಾಯಿತ್ವ’ ನೆನಪಾಯ್ತಾ? ಅದೇ ಯೋಚನೆ. ದುಡ್ಡಿನ ಲೆಕ್ಕ ಒಪ್ಪಿಸುವ ಮಾತಾದರೆ ‘ತಿಲಿವೆಲ್ವೊಲ್ಲಿಸೂಸ್’. ‘ತಿಲಿ’ ಅಂದರೆ ಖಾತೆ, ಬ್ಯಾಂಕ್ ಖಾತೆಗೂ ಅದೇ ಪದ. ಉಳಿದಿದ್ದು ಕರ್ತವ್ಯ. ಇಂಗ್ಲಿಷ್ ಒಂದೇ ಪದದಲ್ಲಿ ಎರಡನ್ನೂ ಮುಚ್ಚಿಡುತ್ತದೆ, ಫಿನ್ನಿಷ್ ಯಾವುದು ಅಂತ ಬಾಯಿ ಬಿಡಿಸುತ್ತದೆ. ಹಾಗಾಗಿ ಮೊದಲು ನಿಮ್ಮ ವರದಿ ಏನು ಹೇಳ್ತಿದೆ ಅಂತ ನೀವೇ ತಿಳ್ಕೊಬೇಕು. ಎಷ್ಟೋ ಸಲ ನಾಮಪದವೇ ಬೇಡ. ‘ಕುಕ ವಸ್ತಾ ಮಿಸ್ತ್ಯಾಕಿನ್’, ಅಂದರೆ ಯಾರು ಯಾವುದಕ್ಕೆ ಜವಾಬು ಕೊಡಬೇಕು, ಅಷ್ಟು ಬರೆದರೆ ಸಾಕು.

ಪಾಲಿಸಿ ಇನ್ನೂ ಮಜಾ. ಪಾಲಿಟಿಕ್ಸ್‌ಗೂ ಪಾಲಿಸಿಗೂ ‘ಪೊಲಿತೀಕ್ಕ’ ಒಂದೇ. ವಿದೇಶಾಂಗ ನೀತಿಗೆ ‘ಉಲ್ಕೊಪೊಲಿತೀಕ್ಕ’ ಅಂದರೆ ಸರಿ. ಆದರೆ ನಿಮ್ಮ ಆಫೀಸಿನ ಮೀಟಿಂಗ್ ಪಾಲಿಸಿಗೆ ಪೊಲಿತೀಕ್ಕ ಅಂದರೆ ಒಳರಾಜಕೀಯ ನಡೀತಿದೆ ಅಂದ್ಕೊತಾರೆ! ಅಲ್ಲಿ ‘ಲಿನ್ಯೌಸ್’ ಹಾಕಿ, ಗೆರೆ ಎಳೆಯುವುದು ಅಂತ. ವೆಬ್‌ಸೈಟಿನ ಪ್ರೈವೆಸಿ ಪಾಲಿಸಿಗೆ ಮತ್ತೆ ಬೇರೆ ಪದ, ‘ತಿಯೆತೊಸುವೊಯ-ಸೆಲೊಸ್ತೆ’. ಇನ್ಶೂರೆನ್ಸ್ ಪಾಲಿಸಿ ಬರೀ ‘ವಕೂತುಸ್’.

ಗವರ್ನೆನ್ಸ್‌ಗೆ ಹೆಚ್ಚಿನ ಕಡೆ ‘ಹಲ್ಲಿಂತೊ’, ಅಂದರೆ ಆಡಳಿತ. ಕಂಪನಿ ಮಾತಾದರೆ ‘ಹಲ್ಲಿಂತೊತಪ’, ಆಡಳಿತದ ರೀತಿ. ಸ್ಟೇಕ್‌ಹೋಲ್ಡರ್‌ಗೆ ‘ಸಿದೊಸ್‌ರ್ಯುಹ್ಮ್ಯಾ’, ಕಟ್ಟಿಕೊಂಡಿರುವ ಗುಂಪು, ಅಂದರೆ ಆ ಕೆಲಸದಲ್ಲಿ ಹಿತಾಸಕ್ತಿ ಇರುವವರು. ಅದರ ಬಗ್ಗೆ ನನಗೆ ತಕರಾರಿಲ್ಲ.

ವಿಭಕ್ತಿಪ್ರಿಯ
ಮಾವ ಪದಗಳನ್ನು ಹೇಳಿದರು. ಆದರೆ ಅಕ್ಕನ ಸಹೋದ್ಯೋಗಿ ದೂರಿದ್ದು ವಾಕ್ಯದ ಬಗ್ಗೆ ಅಲ್ವಾ? ನನ್ನ ಒಂದೇ ಸಲಹೆ: ಇಂಗ್ಲಿಷ್‌ನಿಂದ ಫಿನ್ನಿಷ್‌ಗೆ ನೇರ ಹೋಗಬೇಡಿ. ನಡುವೆ ಕನ್ನಡದಲ್ಲಿ ಒಂದು ಸ್ಟಾಪ್ ಕೊಡಿ.

ತಮಾಷೆ ಮಾಡ್ತಿಲ್ಲ. ನೋಡಿ, ಇಂಗ್ಲಿಷ್‌ನಲ್ಲಿ ಅರ್ಜಿದಾರ ಹಕ್ಕನ್ನು ‘ಹ್ಯಾವ್’ ಮಾಡುತ್ತಾನೆ. ಫಿನ್ನಿಷ್‌ನಲ್ಲಿ ಆ ಕ್ರಿಯಾಪದವೇ ಇಲ್ಲ. ಕನ್ನಡದಲ್ಲೂ ಇಲ್ಲ. ‘ಹಕಿಯಲ್ಲ ಒನ್ ಒಯಿಕೆಉಸ್’, ಅರ್ಜಿದಾರನಿಗೆ ಹಕ್ಕು ಇದೆ. ವಿಭಕ್ತಿ ಹಾಕು, ‘ಇದೆ’ ಅನ್ನು, ಮುಗೀತು.

‘ದಿ’, ‘ಎ’ ಅನ್ನುವ ಪೀಡೆ ಎರಡರಲ್ಲೂ ಇಲ್ಲ. ‘ಹಿ ಆರ್ ಶಿ’ ಗೋಳೂ ಇಲ್ಲ, ‘ಹ್ಯಾನ್’ ಅಂದರೆ ಯಾರು ಬೇಕಾದರೂ. ಇದರಲ್ಲಿ ಅವರು ನಮಗಿಂತ ಮುಂದೆ, ನಮಗೆ ‘ಅವರು’ ಅಂತ ಮರ್ಯಾದೆ ಕೊಟ್ಟು ತಪ್ಪಿಸಿಕೊಳ್ಳಬೇಕು.

ಆಮೇಲೆ ‘ಆಫ್, ಆಫ್, ಆಫ್’ ಅಂತ ಹೋಗುವ ಇಂಗ್ಲಿಷ್ ರೈಲು. ಅದನ್ನು ಹಿಂದಿನಿಂದ ಓದಿ. ‘ಒಕ್ಕೂಟದ ಮಂಡಳಿಯ ಅಧ್ಯಕ್ಷ ದೇಶದ ಪ್ರತಿನಿಧಿ’. ಫಿನ್ನಿಷ್‌ನಲ್ಲೂ ಬೋಗಿಗಳು ಇದೇ ಸಾಲಿನಲ್ಲಿ ಬರುತ್ತವೆ, ನಮ್ಮ ‘ದ’, ‘ಯ’ ಇರುವ ಕಡೆ ‘ನ್’ ಬರುತ್ತದೆ ಅಷ್ಟೆ.

ಎಲ್ಲಕ್ಕಿಂತ ದೊಡ್ಡದು ಇದು. ‘ಅರ್ಜಿದಾರ ಸಲ್ಲಿಸಿದ ವಿವರಣೆ’. ಇಂಗ್ಲಿಷ್‌ನಲ್ಲಿ ‘ವಿಚ್’ ಹಾಕಿ ಬಾಲ ಕಟ್ಟಬೇಕು. ಫಿನ್ನಿಷ್ ಕಚೇರಿ ಭಾಷೆಯಲ್ಲಿ ‘ಹಕಿಯನ್ ಎಸಿತ್ತ್ಯಾಮ್ಯಾ ಸೆಲ್ವಿತ್ಯುಸ್’. ಅರ್ಜಿದಾರ, ಸಲ್ಲಿಸಿದ, ವಿವರಣೆ. ಒಂದೂ ಪದ ಅಲುಗಾಡಲಿಲ್ಲ. ಅರ್ಜಿದಾರನಿಗೆ ಒಂದು ‘ನ್’ ಅಂಟಿತು, ಅಷ್ಟೇ ವ್ಯತ್ಯಾಸ.

ಮೈಸೂರ್‌ಪಾಕ್_ಊಲು
ಅಯ್ಯೋ ದೇವರೇ. ಎರಡು ವರ್ಷ ಕ್ಲಾಸಿಗೆ ಹೋಗಿದ್ದೀನಿ, ಇದನ್ನು ಯಾರೂ ಹೇಳಿರಲಿಲ್ಲ.

ಕಡ್ಡಿಪುಡಿ
ಕ್ಲಾಸಿನಲ್ಲಿ ಪಾಠ ಮಾಡುವವರಿಗೆ ಕನ್ನಡ ಬರಬೇಕಲ್ಲ ಗುರು.

ಹೆಮ್ಮೆಯ_ಕನ್ನಡಿಗ
ಇದರಲ್ಲಿ ಆಶ್ಚರ್ಯ ಏನಿದೆ? ಫಿನ್ನಿಷ್ ಹುಟ್ಟಿದ್ದೇ ಕನ್ನಡದಿಂದ. ಅವರ ‘ಲ್ಲ’ ನಮ್ಮ ‘ಅಲ್ಲಿ’. ಸಂಶೋಧನೆ ಆಗಿದೆ, ಹುಡುಕಿ ನೋಡಿ.

ವಿಭಕ್ತಿಪ್ರಿಯ
ಸರ್, ದಯವಿಟ್ಟು ಬೇಡ. ದ್ರಾವಿಡ ಭಾಷೆಗಳ ವ್ಯಾಕರಣ ಬರೆದ ಕಾಲ್ಡ್‌ವೆಲ್ 1856ರಲ್ಲೇ ಆ ಕಡೆಯ ಭಾಷೆಗಳ ಜೊತೆ ನಂಟಿನ ಮಾತು ಎತ್ತಿದ್ದರು ನಿಜ. ಇವತ್ತಿನ ಭಾಷಾಶಾಸ್ತ್ರಜ್ಞರು ಸಾಮಾನ್ಯವಾಗಿ ಅದನ್ನು ಒಪ್ಪುವುದಿಲ್ಲ. ಪದಕ್ಕೆ ಬಾಲ ಅಂಟಿಸುವ ಭಾಷೆಗಳು ಪ್ರಪಂಚದಲ್ಲಿ ಬೇಕಾದಷ್ಟಿವೆ, ಟರ್ಕಿಷ್ ಕೂಡ ಹಾಗೇ. ಒಂದೇ ತರಹದ ಮೂಗಿದ್ದ ಮಾತ್ರಕ್ಕೆ ಅಣ್ಣತಮ್ಮ ಆಗಲ್ಲ.

ಹೆಮ್ಮೆಯ_ಕನ್ನಡಿಗ
ಹೆಲ್ಸಿಂಕಿ ವಿಶ್ವವಿದ್ಯಾಲಯದ ಅಸ್ಕೊ ಪರ್ಪೊಲ ಅವರೇ ದ್ರಾವಿಡದ ಬಗ್ಗೆ ಬರೆದಿಲ್ವಾ?

ವಿಭಕ್ತಿಪ್ರಿಯ
ಅವರು ವಾದಿಸಿದ್ದು ಸಿಂಧೂ ಲಿಪಿಯ ಹಿಂದಿರುವುದು ದ್ರಾವಿಡ ಭಾಷೆ ಅಂತ. ಫಿನ್ನಿಷ್ ಹಿಂದೆ ಕನ್ನಡ ಇದೆ ಅಂತ ಅಲ್ಲ. ಅಕ್ಕನ ಪ್ರಶ್ನೆಗೆ ವಾಪಸ್ ಬರೋಣ.

ಕರಿಕೋಟು_ಹೆಲ್ಸಿಂಕಿ
ಇಲ್ಲಿ ಕಾನೂನು ಓದುತ್ತಿದ್ದೇನೆ, ಸ್ವಲ್ಪ ಬ್ರೇಕ್ ಹಾಕುತ್ತೇನೆ.

ಕನ್ನಡದ ದಾರಿ ಸಲೀಸು ಅನ್ನುವುದು ಸರಿ. ಆದರೆ ಆ ದಾರಿ ನೇರ ಹೋಗಿ ಸೇರುವುದು ‘ಕಪುಲಕಿಯೆಲಿ’ಗೆ. ‘ಕಪುಲ’ ಅಂದರೆ ಕೋಲಿನ ತುಂಡು, ‘ಕಿಯೆಲಿ’ ಅಂದರೆ ನಾಲಿಗೆ, ನುಡಿ ಎರಡೂ. ನಾಲಿಗೆಯಲ್ಲಿ ಕೊರಡು ಇಟ್ಟುಕೊಂಡ ಹಾಗೆ ಬರೆಯುವ ಕಚೇರಿ ಭಾಷೆಗೆ ಅವರೇ ಇಟ್ಟ ಬೈಗುಳ ಅದು. ‘ಸಲ್ಲಿಸಿದ’, ‘ಉದ್ದೇಶಿಸಿದ’, ‘ಮೇಲೆ ಹೇಳಿದ’ ಅಂತ ಎಡಗಡೆಗೆ ಪೇರಿಸುತ್ತಾ ಹೋದರೆ ವ್ಯಾಕರಣ ತಪ್ಪಲ್ಲ. ಓದುವವರಿಗೆ ಉಸಿರು ಕಟ್ಟುತ್ತದೆ. ಇಲ್ಲಿನ ದೇಶಭಾಷೆಗಳ ಕೇಂದ್ರ, ಎಲ್ಲರೂ ಕೊತುಸ್ ಅಂತ ಕರೆಯುತ್ತಾರಲ್ಲ, ಅವರು ವರ್ಷಗಳಿಂದ ಹೇಳುತ್ತಿರುವುದು ಇದನ್ನೇ: ಉದ್ದದ ವಾಕ್ಯ ಒಡೆಯಿರಿ, ಯಾರು ಏನು ಮಾಡುತ್ತಾರೆ ಅಂತ ಬರೆಯಿರಿ.

ಇದು ಬರೀ ಸಲಹೆ ಅಲ್ಲ. 2003ರ ಆಡಳಿತ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಸರ್ಕಾರಿ ಕಚೇರಿ ಬಳಸುವ ಭಾಷೆ ಸಭ್ಯವಾಗಿ, ಸ್ಪಷ್ಟವಾಗಿ, ಅರ್ಥ ಆಗುವ ಹಾಗೆ ಇರಬೇಕು. 2004ರಿಂದ ಜಾರಿಯಲ್ಲಿದೆ. ಅಂದರೆ ಅರ್ಥ ಆಗದ ಹಾಗೆ ಬರೆದರೆ ಕಾನೂನನ್ನೇ ಮೀರಿದ ಹಾಗೆ.

ಟಾಂಪೆರೆ_ಮಾವ
ನಮ್ಮ ಕಂದಾಯ ಇಲಾಖೆ ನೋಟಿಸ್‌ಗಳಿಗೆ ಈ ಸೆಕ್ಷನ್ ಹಾಕಿದರೆ ಅರ್ಧ ತಾಲೂಕು ಕಚೇರಿ ಜೈಲಿಗೆ ಹೋಗಬೇಕಾಗುತ್ತೆ.

ಕಡ್ಡಿಪುಡಿ
"ಸದರಿ ವಿಷಯಕ್ಕೆ ಸಂಬಂಧಿಸಿದಂತೆ ಮೇಲ್ಕಾಣಿಸಿದ ಉಲ್ಲೇಖದನ್ವಯ" ಜಾಮೀನು ಸಿಗಲ್ಲ.

ಬೆಣ್ಣೆದೋಸೆ_ಎಸ್ಪೂ
ನಗು ತಡೆಯೋಕೆ ಆಗ್ತಿಲ್ಲ, ಬಸ್ಸಿನಲ್ಲಿದ್ದೀನಿ, ಎಲ್ಲರೂ ನೋಡ್ತಿದ್ದಾರೆ. ಕರಿಕೋಟು ಅವರೇ, ‘ಶಲ್’ ಬಗ್ಗೆ ಹೇಳಿ. ನಾನು ಎಲ್ಲಾ ಕಡೆ ‘ತುಲೇ’ ಹಾಕಿದ್ದೆ, ಎಲ್ಲಾ ಹೊಡೆದುಹಾಕಿದ್ದಾಳೆ.

ಕರಿಕೋಟು_ಹೆಲ್ಸಿಂಕಿ
ಅವಳು ಸರಿ. ‘ತುಲೇ’ ಮೂಲ ಅರ್ಥದಲ್ಲಿ ‘ಬರುತ್ತದೆ’. ‘ತುಲೇ ತೆಹ್ದ್ಯಾ’ ಅಂದರೆ ಮಾಡಬೇಕು ಅಂತ ಆಗುತ್ತೆ, ಆದರೆ ‘ತುಲೇ’ಯನ್ನು ಮುಂದೆ ಆಗುವುದನ್ನು ಹೇಳುವುದಕ್ಕೂ ಬಳಸುತ್ತಾರೆ. ಫಿನ್ನಿಷ್‌ನಲ್ಲಿ ಭವಿಷ್ಯತ್ಕಾಲಕ್ಕೆ ಬೇರೆ ರೂಪ ಇಲ್ಲ, ವರ್ತಮಾನವೇ ಎರಡೂ ಕೆಲಸ ಮಾಡುತ್ತದೆ. ಹಾಗಾಗಿ ಕಡ್ಡಾಯ ಅನ್ನುವ ಕಡೆ ಗೊಂದಲ ಬೇಡ ಅಂತ ‘ಒನ್ ತೆಹ್ತ್ಯಾವ್ಯಾ’ ಬಳಸುತ್ತಾರೆ. ‘ಹಕಿಯನ್ ಒನ್ ತೊಯಿಮಿತೆತ್ತವ’, ಅರ್ಜಿದಾರ ಸಲ್ಲಿಸತಕ್ಕದ್ದು.

ವಿಭಕ್ತಿಪ್ರಿಯ
ನೋಡಿ, ನೋಡಿ! ‘ತಕ್ಕದ್ದು’! ನಮ್ಮ ಕಾಯ್ದೆಗಳಲ್ಲಿ ‘ಶಲ್’ಗೆ ಇರುವ ಪದವೇ ಅದು. ‘ತೆತ್ತವ’ ಕೂಡ ಕ್ರಿಯಾಪದಕ್ಕೆ ಬಾಲ ಹಚ್ಚಿ ‘ಮಾಡಲು ತಕ್ಕದ್ದು’ ಅಂತ ಮಾಡಿಕೊಂಡ ರೂಪ. ನಾನು ಹೇಳಿದ್ದು ಸುಳ್ಳಾ?

ಕರಿಕೋಟು_ಹೆಲ್ಸಿಂಕಿ
ಸುಳ್ಳಲ್ಲ. ಆದರೆ ಅಮ್ಮನಿಗೆ ಚೀಟಿ ಬರೆಯುವಾಗ ‘ಹಾಲು ತರತಕ್ಕದ್ದು’ ಅಂತ ಬರೀತೀರಾ? ಅಕ್ಕ ಬರೆಯುತ್ತಿರುವುದು ಸಾರಾಂಶ, ಕಾಯ್ದೆ ಅಲ್ಲ. ಅಲ್ಲಿ ಸುಮ್ನೆ ‘ಪಿತ್ಯಾ’, ಬೇಕು, ಅಂದರೆ ಆಯ್ತು.

ವಿಭಕ್ತಿಪ್ರಿಯ
ಒಪ್ಪಿದೆ. ಹಾಲಿನ ವಿಷಯದಲ್ಲಿ ಮಾತ್ರ.

ಧಾರವಾಡ_ಪೇಢೆ
ಪದಗಳ ಬಗ್ಗೆ ಕೇಳಿದ್ದೀರಿ ಅಂತ ನನ್ನ ಅವಮಾನ ಹೇಳಿಕೊಳ್ಳುತ್ತೇನೆ. ಇಲ್ಲಿಗೆ ಬಂದ ಹೊಸದರಲ್ಲಿ ನಮ್ಮ ಅಪಾರ್ಟ್‌ಮೆಂಟ್ ಮೀಟಿಂಗ್‌ಗೆ ಹೋಗಿದ್ದೆ. ಕೊನೆಗೆ ಒಬ್ಬರು ನನ್ನನ್ನು ‘ಹಲ್ಲಿತುಸ್’ಗೆ ಆರಿಸಿದ್ದೇವೆ ಅಂದರು. ಕ್ಲಾಸಿನಲ್ಲಿ ಕಲಿತಿದ್ದು ಹಲ್ಲಿತುಸ್ ಅಂದರೆ ಸರ್ಕಾರ. ಟಿವಿಯಲ್ಲಿ ಪ್ರಧಾನಿ ಬಂದಾಗೆಲ್ಲ ಅದೇ ಪದ. ನಾನು ಗಾಬರಿಯಾಗಿ "ನನಗೆ ಇನ್ನೂ ಪೌರತ್ವ ಬಂದಿಲ್ಲ" ಅಂದೆ. ಎಲ್ಲರೂ ನನ್ನ ಮುಖ ನೋಡಿದರು. ಒಬ್ಬ ಅಜ್ಜ ಬಹಳ ಗಂಭೀರವಾಗಿ "ಕಸದ ಡಬ್ಬಿ ವಿಷಯಕ್ಕೆ ಪೌರತ್ವ ಬೇಕಿಲ್ಲ" ಅಂದ.

ಕಂಪನಿಯ ಬೋರ್ಡು, ಅಪಾರ್ಟ್‌ಮೆಂಟ್ ಕಮಿಟಿ, ದೇಶದ ಮಂತ್ರಿಮಂಡಲ, ಎಲ್ಲಾ ಹಲ್ಲಿತುಸ್. ನಗರದ ಕಾರ್ಯಮಂಡಳಿಯೂ ‘ಕೌಪುಂಗಿನ್‌ಹಲ್ಲಿತುಸ್’. ಇಂಗ್ಲಿಷ್‌ನ ‘ಗವರ್ನಮೆಂಟ್’ ಕಂಡ ಕೂಡಲೇ ಹಲ್ಲಿತುಸ್ ಹಾಕಬೇಡಿ. ಕಾಗದಪತ್ರದಲ್ಲಿ ಸರ್ಕಾರಕ್ಕೆ ‘ವಲ್ತಿಯೊನೆಉವೊಸ್ತೊ’ ಅಂತ ಇನ್ನೊಂದು ಭಾರಿ ಪದ ಇದೆ. ಅಮೆರಿಕದ ‘ಅಡ್ಮಿನಿಸ್ಟ್ರೇಷನ್’ ಆದರೆ ‘ಹಲ್ಲಿಂತೊ’.

ಮೈಸೂರ್‌ಪಾಕ್_ಊಲು
ಹಲ್ಲಿ ಬಿದ್ದರೆ ಶಕುನ ನೋಡ್ತೀವಿ, ಹಲ್ಲಿತುಸ್ ಬಿದ್ದರೆ ಚುನಾವಣೆ.

ಕಡ್ಡಿಪುಡಿ
😂 ಈ ವಾರದ ಬಹುಮಾನ ಊಲುಗೆ.

ಕರಿಕೋಟು_ಹೆಲ್ಸಿಂಕಿ
ಇದೇ ತರಹದ ಇನ್ನೊಂದು ಗುಂಡಿ ‘ಅಸೆತುಸ್’. ಫಿನ್‌ಲೆಂಡಿನ ಒಳಗೆ ‘ಲಕಿ’ ಅಂದರೆ ಪಾರ್ಲಿಮೆಂಟ್ ಮಾಡಿದ ಕಾಯ್ದೆ, ಅಸೆತುಸ್ ಅದಕ್ಕಿಂತ ಕೆಳಗಿನ ಆದೇಶ. ಆದರೆ ಯುರೋಪಿಯನ್ ಒಕ್ಕೂಟದ ‘ರೆಗ್ಯುಲೇಷನ್’ಗೂ ಅಸೆತುಸ್ ಅಂತಲೇ ಇಟ್ಟಿದ್ದಾರೆ. ಅದು ಎಲ್ಲಾ ಸದಸ್ಯ ದೇಶಗಳಲ್ಲೂ ನೇರ ಜಾರಿಯಾಗುವ ಕಾನೂನು, ದೇಶದ ಕಾಯ್ದೆಗಿಂತ ಮೇಲೆ. ಅಂದರೆ ಒಂದೇ ಪದ ಏಣಿಯ ಕೆಳಗಿನ ಮೆಟ್ಟಿಲಲ್ಲೂ ಇದೆ, ಮೇಲಿನ ಮೆಟ್ಟಿಲಲ್ಲೂ ಇದೆ. ವರದಿಯಲ್ಲಿ ಯಾವ ಅಸೆತುಸ್ ಅಂತ ಹೇಳದಿದ್ದರೆ ಓದುವವರು ಕೆಳಗಿನದ್ದು ಅಂದ್ಕೊತಾರೆ.

‘ಈಕ್ವಾಲಿಟಿ’ಯಲ್ಲಿ ಇದರ ಉಲ್ಟಾ. ಇಂಗ್ಲಿಷ್‌ನಲ್ಲಿ ಒಂದು ಪದ, ಇಲ್ಲಿ ಎರಡು. ‘ತಸ-ಅರ್ವೊ’ ಅಂದರೆ ಕಾನೂನಿನಲ್ಲಿ ಹೆಂಗಸು ಗಂಡಸಿನ ನಡುವಿನ ಸಮಾನತೆ, ಅದರ ಕಾಯ್ದೆ 1986ರದ್ದು. ವಯಸ್ಸು, ಮೂಲ, ಧರ್ಮ, ಅಂಗವೈಕಲ್ಯ ಅಂತೆಲ್ಲ ಭೇದ ಮಾಡಬಾರದು ಅನ್ನುವುದಕ್ಕೆ ‘ಯುಹ್ದೆನ್‌ವೆರ್ತಾಯಿಸೂಸ್’. ಈಗಿರುವ ಕಾಯ್ದೆ 2015ರಿಂದ ಜಾರಿಯಲ್ಲಿದೆ. ಎರಡಕ್ಕೂ ಬೇರೆ ಬೇರೆ ಅಧಿಕಾರಿ. ತಪ್ಪು ಪದ ಹಾಕಿದರೆ ದೂರು ತಪ್ಪು ಬಾಗಿಲಿಗೆ ಹೋಗುತ್ತದೆ.

ಬೆಣ್ಣೆದೋಸೆ_ಎಸ್ಪೂ
ಅಯ್ಯೋ, ನಾನು ಇಡೀ ಒಂದು ಪ್ಯಾರಾದಲ್ಲಿ ತಸ-ಅರ್ವೊ ಅಂತ ಹಾಕಿದ್ದೇನೆ. ವಲಸೆ ಬಂದವರ ಬಗ್ಗೆ ಇತ್ತು ಅದು.

ಕರಿಕೋಟು_ಹೆಲ್ಸಿಂಕಿ
ಮಾತಿನಲ್ಲಿ ಜನ ಎರಡನ್ನೂ ಕಲಸಿ ಬಳಸುತ್ತಾರೆ, ತಲೆ ಕೆಡಿಸಿಕೊಳ್ಳಬೇಡಿ. ಕಾಗದದಲ್ಲಿ ಬದಲಾಯಿಸಿ.

ಬ್ರಸೆಲ್ಸ್_ಬಾಳೆಕಾಯಿ
ತಡವಾಗಿ ಬಂದೆ. ನಾನಿರುವುದು ಬೆಲ್ಜಿಯಂನಲ್ಲಿ, ಫಿನ್ನಿಷ್ ಗೆಳೆಯರಿಂದ ಕಲಿತ ಒಂದು ಮುತ್ತು ಕೊಡುತ್ತೇನೆ. ಯುರೋಪಿನಲ್ಲಿ ಮೂರು ‘ಕೌನ್ಸಿಲ್’ ಇವೆ. ಒಂದರಲ್ಲಿ ಸದಸ್ಯ ದೇಶಗಳ ಮಂತ್ರಿಗಳು ಕೂರುತ್ತಾರೆ. ಇನ್ನೊಂದರಲ್ಲಿ ಪ್ರಧಾನಿ, ಅಧ್ಯಕ್ಷರು. ಮೂರನೆಯದು ಒಕ್ಕೂಟಕ್ಕೆ ಸೇರಿದ್ದೇ ಅಲ್ಲ. 1949ರಲ್ಲಿ ಶುರುವಾಗಿದ್ದು, ಸ್ಟ್ರಾಸ್‌ಬರ್ಗ್‌ನಲ್ಲಿದೆ, ಮಾನವ ಹಕ್ಕುಗಳ ನ್ಯಾಯಾಲಯ ಇರುವುದು ಅದರ ಅಡಿಯಲ್ಲಿ.

ಫಿನ್ನಿಷ್‌ನಲ್ಲಿ ಎರಡನೆಯದು ‘ಯೂರೊಪ್ಪ-ನೆಉವೊಸ್ತೊ’. ಮೂರನೆಯದು ‘ಯೂರೋಪನ್ ನೆಉವೊಸ್ತೊ’. ಯುರೋಪ್ ಮಂಡಳಿ, ಯುರೋಪಿನ ಮಂಡಳಿ. ಒಂದು ಷಷ್ಠಿ ವಿಭಕ್ತಿ ಜಾಸ್ತಿ ಆದರೆ ನೀವು ಬ್ರಸೆಲ್ಸ್‌ನಿಂದ ಸ್ಟ್ರಾಸ್‌ಬರ್ಗ್‌ಗೆ ಹೋಗಿಬಿಡುತ್ತೀರಿ! ಇಂಗ್ಲಿಷ್ ಪತ್ರಕರ್ತರೇ ಇವುಗಳನ್ನು ಅದಲುಬದಲು ಮಾಡುತ್ತಾರೆ.

ಇನ್ನು ಒಕ್ಕೂಟದ ಕರಡುಗಳು ಹೆಚ್ಚಾಗಿ ಹುಟ್ಟುವುದು ಇಂಗ್ಲಿಷ್‌ನಲ್ಲಿ. 24 ಅಧಿಕೃತ ಭಾಷೆಗಳಿವೆ, ಫಿನ್ನಿಷ್ 1995ರಲ್ಲಿ ಫಿನ್‌ಲೆಂಡ್ ಜೊತೆಗೇ ಒಳಗೆ ಬಂತು. ಐಎಟಿಇ ಅಂತ ಒಕ್ಕೂಟದ ಪದಕೋಶ ಇದೆ, ಯಾರು ಬೇಕಾದರೂ ನೋಡಬಹುದು. ಫಿನ್‌ಲೆಂಡಿನದ್ದೇ ‘ತೆಪಾ’ ಅಂತ ಒಂದು ಟರ್ಮ್ ಬ್ಯಾಂಕ್ ಇದೆ. ಸರ್ಕಾರದ್ದು ‘ವಲ್ತೆರ್’. ಈ ಮೂರನ್ನೂ ತೆರೆದಿಟ್ಟುಕೊಂಡು ಕೂತರೆ ಮೆಷಿನ್ ಜೊತೆ ಜಗಳ ಆಡಬೇಕಿಲ್ಲ.

ಧಾರವಾಡ_ಪೇಢೆ
ಟರ್ಮ್ ಬ್ಯಾಂಕ್‌ನಲ್ಲಿ ಇರುವುದನ್ನೆಲ್ಲ ಹಾಕಿದರೆ ಕಪುಲಕಿಯೆಲಿಯ ಅಪ್ಪ ಆಗುತ್ತೆ. ನಮ್ಮ ಆಫೀಸಿನಲ್ಲಿ ಎಲ್ಲರೂ ಉರಿದುಕೊಳ್ಳುವ ಒಂದು ಪದ ಇದೆ, ‘ಯಲ್ಕೌತ್ತಾ’. ‘ಯಲ್ಕ’ ಅಂದರೆ ಕಾಲು. ಇಂಗ್ಲಿಷ್‌ನಲ್ಲಿ ‘ಇಂಪ್ಲಿಮೆಂಟ್’, ‘ರೋಲ್ ಔಟ್’ ಅಂತಾರಲ್ಲ, ಅದಕ್ಕೆ. ಯೋಜನೆಯನ್ನು ಕುದುರೆಯಿಂದ ಇಳಿಸಿ ಕಾಲ್ನಡಿಗೆಯಲ್ಲಿ ಕಳಿಸುವುದು. ಮ್ಯಾನೇಜರ್ ಬಾಯಲ್ಲಿ ಆ ಪದ ಬಂದರೆ ಸಾಕು, ಹಿಂದಿನ ಸಾಲಿನವರು ಮುಖ ಮುಖ ನೋಡ್ಕೊತಾರೆ. ‘ತಿಯೆಕರ್ತ್ತ’, ರೋಡ್‌ಮ್ಯಾಪ್, ಅದೂ ಅದೇ ಜಾತಿ.

ಟಾಂಪೆರೆ_ಮಾವ
ಆದರೆ ಎಲ್ಲಾ ಹೊಸ ಪದಗಳೂ ಕೆಟ್ಟವಲ್ಲ ಪೇಢೆ. ‘ತಸವಲ್ತ’ ನೋಡಿ. ಗಣರಾಜ್ಯಕ್ಕೆ ಕಟ್ಟಿದ ಪದ. ‘ತಸ’ ಸಮ, ‘ವಲ್ತ’ ಅಧಿಕಾರ. ಸಮ-ಅಧಿಕಾರ! ‘ರಿಪಬ್ಲಿಕ್’ಗಿಂತ ಎಷ್ಟು ಚೆನ್ನಾಗಿದೆ.

ಈ ಪದಗಳನ್ನೆಲ್ಲ ಕೂತು ಕಟ್ಟಬೇಕಾಗಿ ಬಂತು. 1809ರವರೆಗೆ ಸ್ವೀಡನ್ ಕೈಯಲ್ಲಿತ್ತು ದೇಶ, ಆಮೇಲೆ ರಷ್ಯಾದ ಚಕ್ರವರ್ತಿ ಕೈಯಲ್ಲಿ. ಆಗಲೂ ಕಚೇರಿ ಭಾಷೆ ಸ್ವೀಡಿಷ್. ಫಿನ್ನಿಷ್ ಮಾತ್ರ ಬರುವ ರೈತ ತನ್ನ ಜಮೀನಿನ ತೀರ್ಪನ್ನೇ ಓದಲಾರ. ಸ್ನೆಲ್‌ಮನ್ ಅಂತ ಒಬ್ಬರು ಹಟ ಹಿಡಿದು 1863ರಲ್ಲಿ ಚಕ್ರವರ್ತಿ ಎರಡನೇ ಅಲೆಕ್ಸಾಂಡರ್‌ನಿಂದ ಆಜ್ಞೆ ಹೊರಡಿಸಿದರು, 20 ವರ್ಷದೊಳಗೆ ಫಿನ್ನಿಷ್‌ಗೆ ಸಮಾನ ಸ್ಥಾನ ಸಿಗಬೇಕು ಅಂತ. ನಮ್ಮ ರಾಜಭಾಷಾ ಅಧಿನಿಯಮ 1963ರದ್ದು. ಸರಿಯಾಗಿ ನೂರು ವರ್ಷ ಅಂತರ. ಕಾಕತಾಳೀಯ ಅಷ್ಟೇ, ಹೆಮ್ಮೆಯ ಕನ್ನಡಿಗರು ಇದರಲ್ಲೂ ನಂಟು ಹುಡುಕಬಾರದು.

ನಮ್ಮಲ್ಲಿ ಅರ್ಜಿ, ವಕೀಲ, ಜಮೀನು, ತಹಶೀಲ್ದಾರ್ ಉಳಿದ ಹಾಗೆ ಅವರಲ್ಲೂ ‘ತುಲ್ಲಿ’, ಸುಂಕ, ‘ಪೊರ್ಮೆಸ್ತರಿ’, ಮೇಯರ್, ಇವೆಲ್ಲ ಸ್ವೀಡಿಷ್ ಕಡೆಯಿಂದ ಬಂದು ಉಳಿದವು.

ಹೆಮ್ಮೆಯ_ಕನ್ನಡಿಗ
ನಾನೇನೂ ಹೇಳಿಲ್ಲ ಸ್ವಾಮಿ, ಸುಮ್ನೆ ಕೂತಿದ್ದೀನಿ.

ಮೈಸೂರ್‌ಪಾಕ್_ಊಲು
ಮೇಯರ್ ಅಂದರೆ ಒಂದು ಡೌಟು. ಎಸ್ಪೂಗೂ ಹೆಲ್ಸಿಂಕಿಗೂ ಇಂಗ್ಲಿಷ್‌ನಲ್ಲಿ ಮೇಯರ್ ಅಂತಲೇ ಬರೆಯುತ್ತಾರೆ. ಫಿನ್ನಿಷ್‌ನಲ್ಲಿ ಬೇರೆ ಬೇರೆ ಪದ ಯಾಕೆ?

ಕರಿಕೋಟು_ಹೆಲ್ಸಿಂಕಿ
ಹುದ್ದೆಯೇ ಬೇರೆ. ಎಸ್ಪೂನಲ್ಲಿರುವುದು ‘ಕೌಪುಂಗಿನ್‌ಯೊಹ್ತಯ’, ನಗರದ ವ್ಯವಸ್ಥಾಪಕ. ಕೌನ್ಸಿಲ್ ಆರಿಸಿ ಕೆಲಸಕ್ಕೆ ಇಟ್ಟುಕೊಂಡ ಅಧಿಕಾರಿ. ಹೆಲ್ಸಿಂಕಿಯಲ್ಲಿ 2017ರಿಂದ, ಟಾಂಪೆರೆಯಲ್ಲಿ 2007ರಿಂದ ಪೊರ್ಮೆಸ್ತರಿ ಇದ್ದಾರೆ, ಅವರು ರಾಜಕಾರಣಿ. ನಮ್ಮಲ್ಲಿ ಪಾಲಿಕೆ ಆಯುಕ್ತರು ಬೇರೆ, ಮಹಾಪೌರರು ಬೇರೆ ಅಲ್ವಾ? ಹೆಚ್ಚುಕಮ್ಮಿ ಹಾಗೆ. ಇಂಗ್ಲಿಷ್‌ನಿಂದ ಬರುವಾಗ ಯಾವ ಊರು ಅಂತ ನೋಡದೆ ಪದ ಹಾಕುವಂತಿಲ್ಲ.

ಫಿನ್ನಿಷ್‌ನಿಂದ ಇಂಗ್ಲಿಷ್‌ಗೆ ಹೋಗುವಾಗಲೂ ಇದೇ ಕಥೆ. 2023ರಿಂದ ಆಸ್ಪತ್ರೆ, ಆರೈಕೆ ಎಲ್ಲಾ ನೋಡಿಕೊಳ್ಳುವ 21 ‘ಹ್ಯುವಿನ್‌ವೊಯಿಂತಿ-ಅಲುಎ’ಗಳು ಬಂದವು. ಇಂಗ್ಲಿಷ್‌ನಲ್ಲಿ ಅದಕ್ಕೆ ಇಟ್ಟ ಹೆಸರು ‘ವೆಲ್‌ಬೀಯಿಂಗ್ ಸರ್ವಿಸಸ್ ಕೌಂಟಿ’. ಕೇಳಿದರೆ ಮಸಾಜ್ ಮಾಡುವ ರೆಸಾರ್ಟ್ ಅನಿಸುತ್ತದೆ. ‘ವೆಲ್ಫೇರ್’, ‘ವೆಲ್‌ಬೀಯಿಂಗ್’ ಎರಡಕ್ಕೂ ಇಲ್ಲಿ ಒಂದೇ ಪದ, ಅದಕ್ಕೇ ಈ ಪಾಡು.

ಕಡ್ಡಿಪುಡಿ
ಮಸಾಜ್ ಅಂದ್ಕೊಂಡು ಹೋದೆ, ಹಲ್ಲು ಕಿತ್ತು ಕಳಿಸಿದರು.

ತುಮಕೂರು_ತಟ್ಟೆಇಡ್ಲಿ
‘ವಿಸಲ್‌ಬ್ಲೋಯರ್’ ಬಗ್ಗೆ, ಅಂದರೆ ಸಂಸ್ಥೆಯ ಒಳಗಿನ ಅಕ್ರಮ ಬಯಲು ಮಾಡುವವರ ಬಗ್ಗೆ, ಯಾರೂ ಹೇಳಲಿಲ್ಲವಲ್ಲ. ನನ್ನ ಕಂಪನಿಯಲ್ಲಿ ಆ ಕಾಗದ ಅನುವಾದ ಮಾಡುವಾಗ ಒಂದು ದಿನ ಪೂರ್ತಿ ಜಗಳ ಆಗಿತ್ತು. ಹಳೇ ಪದ ‘ಇಲ್ಮಿ-ಅಂತಯ’. ಅದರಲ್ಲಿ ನಮ್ಮ ‘ಚಾಡಿಕೋರ’ನ ವಾಸನೆ ಇದೆ. ಪೊಲೀಸರಿಗೆ ಹೋಗಿ ಪಕ್ಕದ ಮನೆಯವರನ್ನು ಹಿಡಿದುಕೊಟ್ಟವನು ಅನ್ನುವ ಹಾಗೆ. ಯಾರು ಮುಂದೆ ಬಂದು ದೂರು ಕೊಡುತ್ತಾರೆ ಹೇಳಿ? 2023ರಲ್ಲಿ ಜಾರಿಗೆ ಬಂದ ಕಾಯ್ದೆಯಲ್ಲಿ ಬಳಸಿದ್ದು ‘ಇಲ್ಮೊಯಿತ್ತಯ’. ಬರೀ ‘ತಿಳಿಸುವವನು’. ಸಪ್ಪೆ ಪದ. ಆದರೆ ಬೈಗುಳ ಅಲ್ಲ.

ಕನ್ನಡದಲ್ಲೂ ಇದಕ್ಕೆ ಒಳ್ಳೆಯ ಪದ ಇಲ್ಲ ಅನಿಸುತ್ತೆ. ಇರುವುದೆಲ್ಲ ಕಿವಿ ಕಚ್ಚುವವನ ಜಾತಿಯವೇ.

ಟಾಂಪೆರೆ_ಮಾವ
ಇದೇ ತರಹ ‘ಲಾಬಿ’. ಅದಕ್ಕೆ ಫಿನ್ನಿಷ್‌ನಲ್ಲಿ ‘ಎದುನ್‌ವಲ್ವೊಂತ’ ಅಂತ ಮರ್ಯಾದೆಯ ಪದ ಇದೆ, ಹಿತ ಕಾಯುವುದು ಅಂತ. ತೊಂದರೆ ಏನಂದರೆ ತನ್ನ ವ್ಯವಹಾರ ನೋಡಿಕೊಳ್ಳಲಾಗದ ವಯಸ್ಸಾದವರಿಗೆ ಪೋಷಕರನ್ನು ನೇಮಿಸುತ್ತಾರಲ್ಲ, ಅದಕ್ಕೂ ಇದೇ ಪದ. ಲಾಬಿ ಮಾಡುವವರು ಮಂತ್ರಿಯನ್ನು ಯಾವ ಅರ್ಥದಲ್ಲಿ ನೋಡಿಕೊಳ್ಳುತ್ತಾರೋ.

ಮೈಸೂರ್‌ಪಾಕ್_ಊಲು
ನನಗೆ ಇಷ್ಟದ ಪದ ‘ಪೆಲೊತೆ’. ನೇಟೊಗೆ ಸೇರಿದ ಮೇಲೆ ಸುದ್ದಿಯಲ್ಲಿ ದಿನಾ ಅದೇ, ಇಂಗ್ಲಿಷ್‌ನ ‘ಡಿಟರೆನ್ಸ್’, ಶತ್ರು ಮೇಲೆ ಬೀಳದ ಹಾಗೆ ಹೆದರಿಸಿಡುವುದು. ಭಯ ಅನ್ನುವ ಪದದ ನೆಂಟ ಅದು. ಹೊಲದಲ್ಲಿ ಕಾಗೆ ಓಡಿಸುವ ಬೊಂಬೆಗೆ ‘ವರಿಕ್ಸೆನ್‌ಪೆಲ್ಯಾತಿನ್’ ಅಂತಾರೆ, ಅದೂ ಅದೇ ಮನೆಯದು. ನಮ್ಮ ‘ಬೆದರುಬೊಂಬೆ’! ಇಂಗ್ಲಿಷ್‌ನಲ್ಲಿ ಕೇಳಿದರೆ ಏನೋ ದೊಡ್ಡ ಸಿದ್ಧಾಂತ, ಫಿನ್ನಿಷ್‌ನಲ್ಲಿ ಕೇಳಿದರೆ ರಾಗಿ ಹೊಲ ಕಣ್ಮುಂದೆ ಬರುತ್ತೆ.

ಧಾರವಾಡ_ಪೇಢೆ
ನನಗೆ ‘ಕೊತೌತುಮಿನೆನ್’. ವಲಸೆ ಬಂದವರ ‘ಇಂಟಿಗ್ರೇಷನ್’ಗೆ. ಒಳಗೆ ‘ಕೊತಿ’ ಇದೆ. ಕೋತಿ ಅಲ್ಲರೀ, ಕೊತಿ, ಮನೆ. ಮನೆಯವರಾಗುವುದು. ಕಾಗದದ ಮೇಲೆ ಅದೊಂದು ಪ್ಲ್ಯಾನ್, ಸಹಿ, ಕ್ಲಾಸು, ಗಂಟೆ ಲೆಕ್ಕ. ಪದ ಮಾತ್ರ ಬಾಗಿಲು ತೆಗೆದು ಒಳಗೆ ಕರೆದ ಹಾಗಿದೆ. ಹಾಗಂತ ‘ಒಲೆಸ್ಕೆಲುಲುಪ’ ನೋಡಿ, ರೆಸಿಡೆನ್ಸ್ ಪರ್ಮಿಟ್. ಒಲೆ ಹೊತ್ತಿಸುವ ಪರ್ಮಿಟ್ ಅಲ್ಲ. ‘ಒಲೆಸ್ಕೆಲ್ಲ’ ಅಂದರೆ ಎಲ್ಲೋ ಸುಮ್ನೆ ಕಾಲ ಕಳೆಯುವುದು ಅಂತಲೂ ಅರ್ಥ. ನಾಲ್ಕು ವರ್ಷ ತೆರಿಗೆ ಕಟ್ಟಿದ ಮೇಲೂ ನಾನು ಸುಮ್ನೆ ಕೂತಿರಲು ಪರ್ಮಿಷನ್ ಪಡೆದವನು.

ಬೆಣ್ಣೆದೋಸೆ_ಎಸ್ಪೂ
ಎಲ್ಲರಿಗೂ ಥ್ಯಾಂಕ್ಸ್. ಮೊನ್ನೆ ರಾತ್ರಿ ಮಗಳು ಮಲಗಿದ ಮೇಲೆ ಕೂತೆ. ವಿಭಕ್ತಿಪ್ರಿಯರು ಹೇಳಿದ ಹಾಗೆ ಒಂದೊಂದು ವಾಕ್ಯವನ್ನೂ ಮೊದಲು ಕನ್ನಡದಲ್ಲಿ ಬರೆದೆ. ನನಗೇ ಗೊತ್ತಾಗಿದ್ದು ಒಂದು ವಿಷಯ: ಇಂಗ್ಲಿಷ್‌ನ ಎಷ್ಟೋ ವಾಕ್ಯ ಕನ್ನಡಕ್ಕೇ ಬರಲಿಲ್ಲ. ಏನು ಹೇಳ್ತಿದೆ ಅಂತ ಬರೆದವರಿಗೇ ಗೊತ್ತಿಲ್ಲ ಅನಿಸಿತು. ಅವನ್ನು ಗುರುತು ಹಾಕಿ ಬರೆದವರನ್ನೇ ಕೇಳಿದೆ. ಎರಡನ್ನು ಅವರೇ ತೆಗೆದುಹಾಕಿ ಅಂದರು!

ಆಮೇಲೆ ಕರಿಕೋಟು ಮಾತು ಕೇಳಿ ಉದ್ದ ಇದ್ದಿದ್ದನ್ನೆಲ್ಲ ಒಡೆದೆ. ಅಕೌಂಟಬಿಲಿಟಿ ಒಂದು ಕಡೆಯೂ ಇಲ್ಲ, ಯಾರು ಯಾವುದಕ್ಕೆ ಹೊಣೆ ಅಂತ ಹೆಸರು ಹೇಳಿದೆ. ತಸ-ಅರ್ವೊ ಬದಲಾಯಿಸಿದೆ. ಇವತ್ತು ವಾಪಸ್ ಬಂತು. ಎರಡು ಪುಟಕ್ಕೆ ಮೂರೇ ಕೆಂಪು.

ಟಾಂಪೆರೆ_ಮಾವ
ಭೇಷ್ ತಂಗೀ. ಮುಂದಿನ ಸಲ ಟಾಂಪೆರೆಗೆ ಬಂದರೆ ಮನೆಗೆ ಬಾ, ನಿಮ್ಮತ್ತೆ ಹೋಳಿಗೆ ಮಾಡ್ತಾಳೆ.

ವಿಭಕ್ತಿಪ್ರಿಯ
ಕನ್ನಡದ ಸ್ಟಾಪ್‌ನಲ್ಲಿ ಇಳಿದಿದ್ದಕ್ಕೇ ಅಲ್ವಾ. ಯಾರಾದರೂ ಒಪ್ಕೊಳ್ಳಿ.

ಕರಿಕೋಟು_ಹೆಲ್ಸಿಂಕಿ
ಒಡೆದಿದ್ದಕ್ಕೆ.

ಕಡ್ಡಿಪುಡಿ
ಆ ಮೂರು ಕೆಂಪು ಯಾವುವು ಅಕ್ಕ?

ಬೆಣ್ಣೆದೋಸೆ_ಎಸ್ಪೂ
ಎರಡು ಕಾಮಾ. ‘ಎತ್ತ್ಯಾ’, ನಮ್ಮ ‘ಎಂದು’, ಅದರ ಮುಂಚೆ ಕಾಮಾ ಹಾಕಲೇಬೇಕಂತೆ. ಮೂರನೆಯದು ಸ್ಟೇಕ್‌ಹೋಲ್ಡರ್. ಮಾವ ಹೇಳಿದ ಹಾಗೆ ಸಿದೊಸ್‌ರ್ಯುಹ್ಮ್ಯಾ ಅಂತಲೇ ಹಾಕಿದ್ದೆ. ಸುತ್ತ ಒಂದು ಗುಂಡು ಗೆರೆ ಎಳೆದು, ಪಕ್ಕದಲ್ಲಿ ಒಂದೇ ಪದ ಬರೆದಿದ್ದಾಳೆ. ‘ಕೆತ್ಕ್ಯಾ?’ ಯಾರ್‍ಯಾರು?